25 ಸಾವಿರದ ಮದುವೆ ಆರ್ಡರ್‌ನಲ್ಲಿ ನಿಮಗೆ ಉಳಿಯುವುದೆಷ್ಟು?

ಪ್ರಶ್ನೆ: ಶಿವಮೊಗ್ಗದಲ್ಲಿ ಮೂರು ವರ್ಷದಿಂದ ಫ್ರೀಲ್ಯಾನ್ಸ್ ಫೋಟೊಗ್ರಾಫರ್ ಆಗಿದ್ದೇನೆ. ಆರತಕ್ಷತೆ, ಮುಹೂರ್ತ, ಆಲ್ಬಮ್ ಎಲ್ಲ ಸೇರಿ 25 ಸಾವಿರಕ್ಕೆ ಮದುವೆ ಒಪ್ಪಿಕೊಳ್ಳುತ್ತೇನೆ. ಸೀಸನ್‌ನಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ, ಆಷಾಢ ಬಂದರೆ ಕೈ ಖಾಲಿ. ದರ ಏರಿಸೋಣವೆಂದರೆ 15 ಸಾವಿರಕ್ಕೆ ಮಾಡಿಕೊಡುವವರಿದ್ದಾರೆ. ಹೋದ ವರ್ಷ ಒಂದು ಹೋಂಸ್ಟೇಗೆ ತೆಗೆದುಕೊಟ್ಟ ಫೋಟೊಗಳು ಈಗ ಹೆದ್ದಾರಿಯ ಹೋರ್ಡಿಂಗ್ ಮೇಲಿವೆ. ಕೇಳಿದರೆ ‘ದುಡ್ಡು ಕೊಟ್ಟಿದ್ದೇವಲ್ಲ’ ಅಂದರು. ನನ್ನ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ?

ಉತ್ತರ: ನಿಮ್ಮ ಫೋಟೊ ಚೆನ್ನಾಗಿವೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ದರದ ಲೆಕ್ಕದಿಂದ ಸದ್ಯಕ್ಕೆ ಹೊರಗಿಡಿ. ಎರಡನ್ನೂ ಒಟ್ಟಿಗೆ ಗಂಟು ಹಾಕಿಕೊಂಡವರು ‘ನಾನಿನ್ನೂ ಅಷ್ಟು ದೊಡ್ಡವನಾಗಿಲ್ಲ’ ಅಂದುಕೊಂಡು ವರ್ಷಗಟ್ಟಲೆ ನಷ್ಟದಲ್ಲಿ ದುಡಿಯುತ್ತಾರೆ. ಮೊದಲು ಬೇಕಾದದ್ದು ನಿಮ್ಮ ಒಂದು ವರ್ಷದ ಖರ್ಚು, ಮತ್ತು ಆ ವರ್ಷದಲ್ಲಿ ನೀವು ನಿಜವಾಗಿ ದುಡಿಯುವ ದಿನಗಳು. ದರ ಆ ಎರಡರಿಂದ ಹುಟ್ಟುತ್ತದೆ. ಪಕ್ಕದ ಅಂಗಡಿಯವನ ಬೋರ್ಡ್ ನೋಡಿ ಹುಟ್ಟುವುದಲ್ಲ.

ಕೆಳಗಿನ ಅಂಕಿಗಳು ಅಂದಾಜು, ನಿಮ್ಮವನ್ನು ಹಾಕಿಕೊಂಡು ಲೆಕ್ಕ ಮಾಡಿ. ಒಂದು ಹೊಸ ಕ್ಯಾಮೆರಾ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಒಂದು ಸೆಕೆಂಡ್ ಹ್ಯಾಂಡ್ ಬಾಡಿ ಸೇರಿ 1,95,000 ರೂಪಾಯಿ ಎಂದಿಟ್ಟುಕೊಳ್ಳಿ. ಆಯುಷ್ಯ 3 ವರ್ಷ ಎಂದು ಹಿಡಿಯಬೇಕು, ಅದಕ್ಕೆ ಕಾರಣವಿದೆ. ನಿಕಾನ್ ಡಿ850, ಸೋನಿ ಎ7 III ತರಹದ ಕ್ಯಾಮೆರಾಗಳ ಶಟರ್ (ಪ್ರತಿ ಕ್ಲಿಕ್‌ಗೆ ತೆರೆದು ಮುಚ್ಚುವ ಪರದೆ) 2,00,000 ಕ್ಲಿಕ್ ಬಾಳುತ್ತದೆಂದು ಕಂಪನಿಗಳೇ ಹೇಳುತ್ತವೆ. ಆರತಕ್ಷತೆ ಮತ್ತು ಮುಹೂರ್ತ ಸೇರಿ ಒಂದು ಮದುವೆಗೆ 5,000 ಕ್ಲಿಕ್ ಆದರೆ, ವರ್ಷಕ್ಕೆ 30 ಮದುವೆಗೆ 1,50,000. ಎರಡೂ ಬಾಡಿಗಳಿಗೆ ಹಂಚಿದರೆ ತಲಾ 75,000. ಮೂರನೇ ವರ್ಷ ಮುಗಿಯುವ ಮೊದಲೇ ಗಡಿ ದಾಟುತ್ತೀರಿ. ಪರದೆ ಅಲುಗದೆ ಕ್ಲಿಕ್ ಆಗುವ ಎಲೆಕ್ಟ್ರಾನಿಕ್ ಶಟರ್ ಬಳಸಿ ಉಳಿಸಬಹುದಲ್ಲ ಎನ್ನಬೇಡಿ, ಛತ್ರಗಳ ಎಲ್ಇಡಿ ದೀಪದ ಕೆಳಗೆ ಅದರಲ್ಲಿ ಹಲವು ಸಲ ಅಡ್ಡ ಪಟ್ಟೆಗಳು ಬೀಳುತ್ತವೆ. ಆದ್ದರಿಂದ ಬಾಡಿಗಳ ಲೆಕ್ಕ ವರ್ಷಕ್ಕೆ 65,000.

ಲೆನ್ಸ್‌ಗಳು 1,60,000, ಎಂಟು ವರ್ಷಕ್ಕೆ ಹಂಚಿದರೆ 20,000. ಫ್ಲ್ಯಾಶ್, ಟ್ರಿಗರ್, ಬ್ಯಾಟರಿ, ಮೆಮೊರಿ ಕಾರ್ಡ್‌ಗಳು 60,000, ಮೂರು ವರ್ಷಕ್ಕೆ ಹಂಚಿದರೆ 20,000. ಕಂಪ್ಯೂಟರ್ ಮತ್ತು ಮಾನಿಟರ್ 1,20,000, ಐದು ವರ್ಷಕ್ಕೆ ಹಂಚಿದರೆ 24,000. ಹಾರ್ಡ್ ಡಿಸ್ಕ್ ವರ್ಷಕ್ಕೆ 20,000. ಇದು ಹೆಚ್ಚಾಯಿತು ಅನಿಸಿದರೆ ಲೆಕ್ಕ ನೋಡಿ: 25 ಎಂಬಿಯ ರಾ ಫೈಲ್ (ಎಡಿಟ್ ಆಗದ ಮೂಲ ಫೈಲ್) 5,000 ಎಂದರೆ 125 ಜಿಬಿ, ಎರಡು ಪ್ರತಿಗೆ 250 ಜಿಬಿ, 30 ಮದುವೆಗೆ 7.5 ಟಿಬಿ. ಇಲ್ಲಿಗೆ ಸಾಮಾನಿನದೇ 1,49,000 ಆಯಿತು. ಸಾಫ್ಟ್‌ವೇರ್, ಇಂಟರ್ನೆಟ್, ಫೋನ್ 24,000, ಸಾಮಾನಿನ ಇನ್ಶೂರೆನ್ಸ್ 12,000, ಸರ್ವೀಸ್ 9,000, ಯಾರಿಗೂ ಬಿಲ್ ಮಾಡಲಾಗದ ಓಡಾಟ 30,000, ಆಡಿಟರ್ 10,000, ಆರೋಗ್ಯ ವಿಮೆ 20,000, ರೂಮಿನ ಬಾಡಿಗೆ, ಕರೆಂಟ್ 36,000. ಇವು 1,41,000. ಕ್ಯಾಮೆರಾ ಚೀಲದಿಂದ ತೆಗೆಯದಿದ್ದರೂ ವರ್ಷಕ್ಕೆ ತಗಲುವ ಖರ್ಚು ಹೀಗೆ 2,90,000. ಮನೆಗೆ ತಿಂಗಳಿಗೆ 30,000 ಬೇಕು, ವರ್ಷಕ್ಕೆ 60,000 ಆದರೂ ಉಳಿತಾಯ ಆಗಬೇಕು ಎಂದರೆ ಇನ್ನೂ 4,20,000. ಒಟ್ಟು 7,10,000.

ಈಗ ದಿನಗಳು. ಆಷಾಢ, ಪಿತೃಪಕ್ಷ, ಧನುರ್ಮಾಸ ಬಿಟ್ಟು, ಗುರು ಶುಕ್ರರ ಅಸ್ತ ಬಿಟ್ಟು ಉಳಿದ ಮುಹೂರ್ತಗಳಲ್ಲೂ ಒಂದೇ ದಿನ ನಾಲ್ಕು ಮದುವೆ ಬರುತ್ತವೆ, ನಿಮಗೆ ಸಿಗುವುದು ಒಂದೇ. ಅಧಿಕ ಮಾಸ ಬಂದ ವರ್ಷ ಇನ್ನಷ್ಟು ಕಡಿತ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಅಂದರೆ ಬೇಸಿಗೆ ಸೀಸನ್ನಿನ ಹೊಟ್ಟೆಯಲ್ಲೇ ಒಂದು ತಿಂಗಳು ಹೋಯಿತು. ಹೊಸ ಪಂಚಾಂಗ ಕೈಗೆ ಬಂದ ದಿನವೇ ಮುಹೂರ್ತಗಳನ್ನು ಎಣಿಸಿ ಗುರುತು ಹಾಕಿಕೊಳ್ಳುವುದು ಈ ಕಸುಬಿನ ವಾರ್ಷಿಕ ಬಜೆಟ್. ವರ್ಷಕ್ಕೆ 60 ದಿನ ಕ್ಯಾಮೆರಾ ಹಿಡಿದು ನಿಲ್ಲುವ ಕೆಲಸ ಸಿಕ್ಕಿದರೆ ಒಳ್ಳೆಯ ವರ್ಷ. ಪ್ರತಿ ಕ್ಯಾಮೆರಾ ದಿನದ ಹಿಂದೆ ಎರಡೂವರೆ ದಿನದಷ್ಟು ಕುಳಿತ ಕೆಲಸವಿರುತ್ತದೆ: ಫೋಟೊ ಆರಿಸುವುದು, ಕಲರ್ ಕರೆಕ್ಷನ್, ಆಲ್ಬಮ್ ತಿದ್ದುಪಡಿ, ಲ್ಯಾಬಿಗೆ ಓಡಾಟ, ಗಿರಾಕಿ ಜೊತೆ ಮಾತು. ಹೀಗೆ 60 ದಿನ ಎಂಬುದು 210 ಕೆಲಸದ ದಿನ. 7,10,000ವನ್ನು 210ರಿಂದ ಭಾಗಿಸಿದರೆ ಕೆಲಸದ ದಿನಕ್ಕೆ ಸುಮಾರು 3,380. ಕ್ಯಾಮೆರಾ ದಿನಕ್ಕೆ ಸುಮಾರು 11,800.

ಇದನ್ನು ನಿಮ್ಮ ಮದುವೆ ಆರ್ಡರ್ ಮೇಲಿಡಿ. ಎರಡು ಕ್ಯಾಮೆರಾ ದಿನಕ್ಕೆ 23,600. ಜೊತೆಗೆ ಬರುವ ಹುಡುಗನಿಗೆ ಎರಡು ದಿನಕ್ಕೆ 7,000, ಪೆಟ್ರೋಲ್ 1,500, 12×36 ಇಂಚಿನ 30 ಶೀಟ್ ಆಲ್ಬಮ್ ಪ್ರಿಂಟ್, ಬೈಂಡಿಂಗ್, ಬಾಕ್ಸ್ 9,000, ಡಿಸೈನರ್‌ಗೆ 3,000, ಪೆನ್ ಡ್ರೈವ್ ಇತ್ಯಾದಿ 900. ಒಟ್ಟು 45,000. ನೀವು ತೆಗೆದುಕೊಳ್ಳುತ್ತಿರುವುದು 25,000. ಅದರಲ್ಲಿ 21,400 ಬೇರೆಯವರ ಕೈಗೆ ಹೋಗುತ್ತದೆ. ಏಳು ದಿನದ ದುಡಿಮೆಗೆ, ಕ್ಯಾಮೆರಾ ಸವೆತವೂ ಸೇರಿ, ನಿಮಗೆ ಉಳಿಯುವುದು 3,600. ದಿನಕ್ಕೆ 514 ರೂಪಾಯಿ. ಗಾರೆ ಕೆಲಸದ ಕೂಲಿ ಇದಕ್ಕಿಂತ ಹೆಚ್ಚಿದೆ. ಆಷಾಢದಲ್ಲಿ ಕೈ ಖಾಲಿಯಾಗುವುದಕ್ಕೆ ಕಾರಣ ಆಷಾಢವಲ್ಲ. ಸೀಸನ್ನಿನಲ್ಲೇ ಏನೂ ಉಳಿದಿರಲಿಲ್ಲ, ಅಡ್ವಾನ್ಸ್ ಹಣ ತಿರುಗುತ್ತಿದ್ದುದರಿಂದ ಗೊತ್ತಾಗಲಿಲ್ಲ, ಅಷ್ಟೆ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಬೀಳುತ್ತದೆ. ಬೆಂಗಳೂರಿನ ಸ್ಟುಡಿಯೊದವರು ದಿನಕ್ಕೆ 5,000 ಕೊಟ್ಟು ಕರೆದರೆ ‘ಬೇರೆಯವರ ಕೈಕೆಳಗೆ ಯಾಕೆ’ ಎಂದು ಹಲವರು ಮುಖ ತಿರುಗಿಸುತ್ತಾರೆ. ಅಲ್ಲಿ ಎಡಿಟಿಂಗ್ ಇಲ್ಲ, ಆಲ್ಬಮ್ ಇಲ್ಲ. ಕಾರ್ಡ್ ಕೊಟ್ಟು ಬಂದರೆ ಮುಗಿಯಿತು. ಓಡಾಟ, ಊಟ, ಉಳಿಯುವ ವ್ಯವಸ್ಥೆ ಅವರದ್ದಾದರೆ, ಹೋಗಿಬರುವ ಪ್ರಯಾಣವೇ ಇನ್ನೊಂದು ದಿನ ತಿನ್ನದಿದ್ದರೆ, 3,380ರ ಗೆರೆಗಿಂತ ಮೇಲಿರುವ 5,000, ನಿಮ್ಮ ಹೆಸರಿನಲ್ಲೇ ಮಾಡುವ 25,000ದ ಮದುವೆಗಿಂತ ಲಾಭದ್ದು. ಖಾಲಿ ದಿನಗಳಿಗೆ ಮಾತ್ರ ಒಪ್ಪಿಕೊಳ್ಳಿ, ದೊಡ್ಡ ಮುಹೂರ್ತದ ದಿನಗಳನ್ನು ಸ್ವಂತ ಆರ್ಡರ್‌ಗೆ ಬಿಟ್ಟುಕೊಳ್ಳಿ. ಡೇಟಾ ಕೊಡುವಾಗ ನಿಮ್ಮೆದುರೇ ಕಾಪಿ ಆಗಲಿ, ನಿಮ್ಮ ಪ್ರತಿ ಒಂದು ತಿಂಗಳಾದರೂ ಇರಲಿ. ಆ ಫೋಟೊಗಳನ್ನು ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಹಾಕಬಹುದೋ ಇಲ್ಲವೋ ಎಂಬುದನ್ನು ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಈಗ 15 ಸಾವಿರದವರ ವಿಷಯ. ಅವರೊಡನೆ ಸ್ಪರ್ಧೆಗೆ ಇಳಿಯಬೇಡಿ, ಗಿರಾಕಿಯ ಮುಂದೆ ಅವರನ್ನು ಹಳಿಯಲೂ ಬೇಡಿ. ‘ಅದರಲ್ಲಿ ಏನೇನು ಬರುತ್ತೆ ಕೇಳಿದ್ರಾ?’ ಅಂದರೆ ಸಾಕು. ಬಹಳ ಸಲ ಅದು ಒಂದು ಕ್ಯಾಮೆರಾ, ಒಬ್ಬ ಮನುಷ್ಯ, ಆಲ್ಬಮ್ ಬೇರೆ. ಗಿರಾಕಿಯ ಬಜೆಟ್ ನಿಜವಾಗಿಯೂ ಕಡಿಮೆಯಿದ್ದರೆ ಬೆಲೆ ಇಳಿಸುವ ಬದಲು ಕೆಲಸ ಇಳಿಸಿ. ಆಲ್ಬಮ್ ತೆಗೆದರೆ ಡಿಸೈನ್ ಸೇರಿ 12,000 ಇಳಿದು 33,000 ಆಗುತ್ತದೆ, ಆಲ್ಬಮ್ ಮುಂದಿನ ವರ್ಷ ಮಾಡಿಸಿಕೊಳ್ಳಲಿ. ಆರತಕ್ಷತೆ ಬೇಡ, ಧಾರೆ ಮತ್ತು ಮಾಂಗಲ್ಯಧಾರಣೆ ಸಾಕು ಎಂದರೆ ಒಂದು ದಿನದ ದರ. ಏನನ್ನೂ ಕಡಿಮೆ ಮಾಡದೆ 45 ಅನ್ನು 35ಕ್ಕೆ ಇಳಿಸಿದಿರೋ, ಮೊದಲು ಹೇಳಿದ ಬೆಲೆ ಸುಳ್ಳು ಎಂದು ನೀವೇ ಒಪ್ಪಿಕೊಂಡಂತೆ. ಆ ಸುದ್ದಿ ಬೀಗರೂಟದ ಪಂಕ್ತಿಯಲ್ಲೇ ಹತ್ತು ಮನೆಗೆ ಹೋಗುತ್ತದೆ.

ನೆಂಟರು, ಸ್ನೇಹಿತರ ಕೆಲಸಕ್ಕೆ ಅರ್ಧ ಬೆಲೆ ಎಂಬುದು ಎಲ್ಲಕ್ಕಿಂತ ಕೆಟ್ಟ ವ್ಯವಸ್ಥೆ. ಅವರಿಗೆ ಉಪಕಾರ ಮಾಡಿಸಿಕೊಂಡೆವು ಅನಿಸುವುದಿಲ್ಲ, ನಿಮಗೆ ಸಂಬಳ ಬಂದಂತೆಯೂ ಅಲ್ಲ. ಪೂರ್ತಿ ಉಡುಗೊರೆ ಕೊಡಿ, ಇಲ್ಲವೇ ಪೂರ್ತಿ ದರ ಹೇಳಿ. ಉಡುಗೊರೆಯಾದರೆ ಆಲ್ಬಮ್ ಬಿಟ್ಟು 33,000ದ ಬಿಲ್ ಬರೆದು, ಕೆಳಗೆ ‘ಉಡುಗೊರೆ, ಕೊಡಬೇಕಾದದ್ದು 0’ ಎಂದು ಹಾಕಿ ಕೊಡಿ. ಆಲ್ಬಮ್ ಖರ್ಚು ಮಾತ್ರ ಅವರದ್ದೇ ಇರಲಿ. ‘ದುಡ್ಡಿಲ್ಲ, ಆದರೆ ಹೆಸರು ಬರುತ್ತೆ’ ಎನ್ನುವವರಿಗೆ ಒಂದೇ ಅಳತೆ: ಅಲ್ಲಿ ಬರುವವರಲ್ಲಿ ನಿಮಗೆ ಮುಂದೆ ದುಡ್ಡು ಕೊಡಬಲ್ಲ ಗಿರಾಕಿಗಳಿದ್ದಾರೆಯೇ? ಇಲ್ಲದಿದ್ದರೆ ಆ ಹೆಸರಿನಿಂದ ಪ್ರಯೋಜನವಿಲ್ಲ.

ಹಣ ಬರುವ ಕ್ರಮ ದರದಷ್ಟೇ ಮುಖ್ಯ. ದಿನ ಹಿಡಿಯಲು 30%, ಆರತಕ್ಷತೆಯ ಹಿಂದಿನ ದಿನದೊಳಗೆ 50%, ಆಲ್ಬಮ್ ಪ್ರಿಂಟಿಗೆ ಹೋಗುವ ಮೊದಲು 20%. ಮದುವೆ ಮುಗಿದ ಮೇಲೆ ಕೇಳಿದರೆ ಛತ್ರ, ಅಡುಗೆಯವರು, ಪುರೋಹಿತರು ಎಲ್ಲರಿಗೂ ಕೊಟ್ಟು ಮನೆಯವರ ಕೈ ಬರಿದಾಗಿರುತ್ತದೆ, ಕೊಡುವ ಮನಸ್ಸಿದ್ದರೂ ಕೊಡಲಾಗುವುದಿಲ್ಲ. ಕೊನೆಯ 20% ಸಿಕ್ಕಿಕೊಳ್ಳುವುದು ಮೋಸದಿಂದ ಅಲ್ಲ, ಫೋಟೊ ಆರಿಸುವುದರಲ್ಲಿ. ಹೆಣ್ಣಿನ ಕಡೆಯವರು ಒಂದು ಪಟ್ಟಿ, ಗಂಡಿನ ಕಡೆಯವರು ಒಂದು ಪಟ್ಟಿ, ವಿದೇಶದಲ್ಲಿರುವ ಅಣ್ಣ ಇನ್ನೂ ನೋಡಿಲ್ಲ. ಹೀಗೆ ಎಂಟು ತಿಂಗಳು. ಆದ್ದರಿಂದ ಒಪ್ಪಂದದಲ್ಲಿ ಬರೆಯಿರಿ: 30 ಶೀಟಿಗೆ 120ರಿಂದ 150 ಫೋಟೊ, ಫೋಟೊ ಕೊಟ್ಟ 30 ದಿನದೊಳಗೆ ಒಬ್ಬರೇ ಆರಿಸಿ ನಂಬರ್ ಕಳಿಸಬೇಕು, 45 ದಿನ ಮೀರಿದರೆ ಫೋಟೊಗ್ರಾಫರ್ ಆರಿಸುತ್ತಾರೆ, ಡಿಸೈನ್ ತಿದ್ದುಪಡಿ ಎರಡು ಸಲ. ಈ ನಾಲ್ಕು ಸಾಲು ಇದ್ದರೆ ಬಾಕಿ ಬೇಗ ಬರುತ್ತದೆ.

ಒಪ್ಪಂದ ಕನ್ನಡದಲ್ಲೇ ಒಂದು ಪುಟ ಇರಲಿ. ದಿನಾಂಕ, ಜಾಗ, ಶುರು ಮತ್ತು ಮುಗಿಯುವ ಹೊತ್ತು (ಬೆಳಗಿನ ಜಾವ 4.30ರ ಮುಹೂರ್ತವಾದರೆ ಹಿಂದಿನ ರಾತ್ರಿ ತಂಗುವ ವ್ಯವಸ್ಥೆ ಯಾರದು ಎಂಬುದೂ ಸೇರಿ), ಹೆಚ್ಚುವರಿ ಗಂಟೆಗೆ ಎಷ್ಟು, ಎಷ್ಟು ಎಡಿಟ್ ಮಾಡಿದ ಫೋಟೊ, ರಾ ಫೈಲ್ ಕೊಡುವುದಿಲ್ಲ ಎಂಬ ಮಾತು, ಮದುವೆ ಮುಂದೆ ಹೋದರೆ ಅಡ್ವಾನ್ಸ್ ಏನಾಗುತ್ತದೆ, ನಿಮಗೇ ಜ್ವರ ಬಂದರೆ ಬದಲಿ ಯಾರು, ಆಲ್ಬಮ್ ಕೊಟ್ಟ ಮೇಲೆ ಡೇಟಾ ಒಂದು ವರ್ಷ ಇರುತ್ತದೆ, ಆಮೇಲೆ ಹೊಣೆಯಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಲು ಒಪ್ಪಿಗೆ ಇದೆಯೋ ಇಲ್ಲವೋ ಎಂಬುದನ್ನೂ ಇಲ್ಲೇ ಕೇಳಿ. ಡೇಟಾದ ಬಗ್ಗೆ ಮಾತು ಕೊಟ್ಟ ಮೇಲೆ ಅದನ್ನು ಕಾಪಾಡಲೂ ಬೇಕು: ಎರಡು ಸ್ಲಾಟ್ ಇರುವ ಬಾಡಿಯಲ್ಲಿ ಎರಡೂ ಕಾರ್ಡಿಗೆ ಒಟ್ಟಿಗೆ ಬರೆಯುವಂತೆ ಸೆಟ್ ಮಾಡಿ. ಎರಡು ಡಿಸ್ಕಿಗೆ ಕಾಪಿ ಆಗಿ, ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಒಂದು ಡಿಸ್ಕ್ ಬೇರೆ ಮನೆಯಲ್ಲಿರಲಿ.

ಹೋಂಸ್ಟೇ ವಿಷಯದಲ್ಲಿ ನಿಮಗೆ ಹಿತವಲ್ಲದ ಮಾತು ಹೇಳಬೇಕು. ‘ಕ್ಲಿಕ್ ಮಾಡಿದವನೇ ಮಾಲೀಕ’ ಎಂಬ ನಂಬಿಕೆ ನಮ್ಮ ಕಸುಬಿನಲ್ಲಿ ಬಲವಾಗಿದೆ. ಕೃತಿಸ್ವಾಮ್ಯ ಕಾಯ್ದೆ 1957ರ ಸೆಕ್ಷನ್ 17 ಬೇರೆಯದನ್ನೇ ಹೇಳುತ್ತದೆ. ಒಬ್ಬರ ಕೋರಿಕೆಯ ಮೇಲೆ, ಹಣಕ್ಕಾಗಿ ತೆಗೆದ ಫೋಟೊಗೆ, ವ್ಯತಿರಿಕ್ತ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರೇ ಮೊದಲ ಮಾಲೀಕರು. ಸಂಬಳಕ್ಕೆ ಸ್ಟುಡಿಯೊದಲ್ಲಿ ದುಡಿಯುವಾಗ ತೆಗೆದದ್ದು ಸಾಮಾನ್ಯವಾಗಿ ಆ ಸ್ಟುಡಿಯೊದ್ದು. ನೀವಾಗಿಯೇ ಹೋಗಿ ತೆಗೆದ ಜೋಗದ ಚಿತ್ರ, ಯಕ್ಷಗಾನದ ಚಿತ್ರ ನಿಮ್ಮವು. ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ ಅದರ ಹಕ್ಕು ಇರುತ್ತದೆ. ಹೋಂಸ್ಟೇಯವರೊಂದಿಗೆ ನೀವು ಏನೂ ಬರೆದುಕೊಂಡಿಲ್ಲವಾದರೆ ಹೋರ್ಡಿಂಗ್‌ಗೆ ಹಣ ಕೇಳುವ ಕಾನೂನಿನ ಆಧಾರ ತೀರಾ ದುರ್ಬಲ. ಚಿತ್ರದ ಕರ್ತೃ ಎಂದು ಗುರುತಿಸಿಕೊಳ್ಳುವ ಹಕ್ಕು ಸೆಕ್ಷನ್ 57ರಲ್ಲಿ ಬೇರೆಯಾಗಿ ಉಳಿದಿರುತ್ತದೆ, ಹೆಸರು ಹಾಕಿ ಎಂದು ಕೇಳಬಹುದು. ಅದಕ್ಕಾಗಿ ಜಗಳಕ್ಕೆ ಹೋಗುವುದು ನನ್ನ ಮಟ್ಟಿಗೆ ದಂಡ. ‘ಹೋರ್ಡಿಂಗ್ ಚೆನ್ನಾಗಿ ಬಂದಿದೆ, ಮುಂದಿನ ಕೆಲಸದಿಂದ ಬಳಕೆಯ ದರ ಬೇರೆ ಇರುತ್ತದೆ’ ಎಂದು ತಿಳಿಸಿ, ಹೊಸ ಕೊಟೇಶನ್ ಕಳಿಸಿ.

ಆ ಕೊಟೇಶನ್ನಿನಲ್ಲಿ ಎರಡು ಸಾಲು ಬೇರೆ ಬೇರೆ ಇರಬೇಕು. ಒಂದು, ಶೂಟಿಂಗ್ ಮತ್ತು ಎಡಿಟಿಂಗ್: ಒಂದು ಕ್ಯಾಮೆರಾ ದಿನ, ಓಡಾಟ, ಎಡಿಟ್ ಮಾಡಿದ 25 ಫೋಟೊ. ಎರಡು, ಬಳಕೆ. ಹೀಗೆ ಬರೆಯಬಹುದು: ‘ಈ ಚಿತ್ರಗಳ ಕೃತಿಸ್ವಾಮ್ಯ ಛಾಯಾಗ್ರಾಹಕರದ್ದು. ಗ್ರಾಹಕರು ತಮ್ಮ ವೆಬ್‌ಸೈಟ್, ಸಾಮಾಜಿಕ ಜಾಲತಾಣ ಮತ್ತು ಬುಕಿಂಗ್ ತಾಣಗಳಲ್ಲಿ 2 ವರ್ಷ, ಭಾರತದಲ್ಲಿ ಬಳಸಬಹುದು. ಹೋರ್ಡಿಂಗ್, ಪತ್ರಿಕಾ ಜಾಹೀರಾತು, ಮೂರನೆಯವರಿಗೆ ಕೊಡುವುದು ಇದರಲ್ಲಿ ಸೇರಿಲ್ಲ.’ ಕೆಲಸ ಶುರುವಾಗುವ ಮೊದಲು ಇಬ್ಬರ ಸಹಿ ಬೀಳಲಿ. ಅವಧಿ ಬರೆಯದೆ ಬಿಟ್ಟರೆ ಕಾಯ್ದೆ ಅದನ್ನು 5 ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಇಡೀ ಭಾರತ. ಹೋರ್ಡಿಂಗ್‌ಗೆ ಶೂಟಿಂಗ್ ದರದ ಅರ್ಧದಿಂದ ಒಂದು ಪಟ್ಟು ಹೆಚ್ಚುವರಿ ಕೇಳುವುದು ಶುರುವಿಗೆ ಸಮಂಜಸ. ಸಣ್ಣ ಹೋಂಸ್ಟೇಯವರಿಗೆ ಇದು ಅತಿಯಾಯಿತು ಅನಿಸಿದರೆ, ಎಲ್ಲ ಬಳಕೆಯೂ ಸೇರಿದ ಒಂದು ಬೆಲೆಯನ್ನೂ ಪಕ್ಕದಲ್ಲೇ ಬರೆದು ಆಯ್ಕೆ ಕೊಡಿ.

ಕಂಪನಿ, ರೆಸಾರ್ಟ್‌ಗಳ ಕೆಲಸ ಹಿಡಿಯುವ ಮೊದಲು ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಳ್ಳಿ. ಶುಲ್ಕವಿಲ್ಲ, ದುಡ್ಡು ಕೇಳುವ ಮಧ್ಯವರ್ತಿ ಬೇಡ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯಂತೆ ನೋಂದಾಯಿತ ಸಣ್ಣ ಉದ್ಯಮಕ್ಕೆ, ಒಪ್ಪಂದ ಏನೇ ಇದ್ದರೂ, 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಮತ್ತು ಈ ಒಂದು ಸಾಲು ಇದ್ದರೆ ಅಕೌಂಟ್ಸ್ ವಿಭಾಗದವರು ನಿಮ್ಮ ಬಿಲ್ಲನ್ನು ಅಡಿಗೆ ತಳ್ಳುವುದು ಕಡಿಮೆ. ಅವರು ಹಿಡಿದ ಟಿಡಿಎಸ್ (ಹಣ ಕೊಡುವಾಗಲೇ ಕಡಿತವಾಗುವ ಆದಾಯ ತೆರಿಗೆ) ನಷ್ಟವಲ್ಲ, ರಿಟರ್ನ್ ಹಾಕಿದರೆ ನಿಮ್ಮ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ. ಜಿಎಸ್‌ಟಿ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಕರ್ನಾಟಕದಲ್ಲಿ ಸೇವೆಗಳಿಗೆ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. 45,000ದ 30 ಮದುವೆ ಎಂದರೆ 13.5 ಲಕ್ಷ. ಆಲ್ಬಮ್, ಡಿಸೈನರ್ ಹಣ ಇದರಲ್ಲೇ ಸೇರಿದೆ, ಆದರೆ ವಿಡಿಯೊದವರ ಹಣವೂ ನಿಮ್ಮ ಬಿಲ್ಲಿನಲ್ಲೇ ಬಂದರೆ ಅದೂ ನಿಮ್ಮ ವಹಿವಾಟೇ. ವಿಡಿಯೊ ಸೇರಿಸಿಕೊಳ್ಳುವ ವರ್ಷ ಗಮನವಿರಲಿ, ದಾಟಿದ ಮೇಲೆ 18% ಸೇರಿಸಬೇಕಾಗುತ್ತದೆ. ನೋಂದಣಿ ಇಲ್ಲದೆ ಗಿರಾಕಿಯಿಂದ ಜಿಎಸ್‌ಟಿ ಎಂದು ವಸೂಲಿ ಮಾಡುವಂತಿಲ್ಲ.

ಮಳೆಗಾಲದ ಖಾಲಿ ತಿಂಗಳುಗಳಿಗೆ ನಿಮ್ಮ ಊರಿನಲ್ಲೇ ಕೆಲಸವಿದೆ. ಮಲೆನಾಡಿನ ಹೋಂಸ್ಟೇಗಳಿಗೆ ಹಸಿರಿನ ಚಿತ್ರ ಬೇಕಾಗುವುದು ಆಗಲೇ. ನಾಮಕರಣ, ಸೀಮಂತ, ಅಂಗಡಿಗಳ ಉತ್ಪನ್ನಗಳ ಫೋಟೊ ಕೂಡ ಇವೆ. ಅದೇ ಹೊತ್ತಿಗೆ ಲೆನ್ಸಿಗೆ ಫಂಗಸ್ ಹಿಡಿಯುವ ಕಾಲವೂ ಹೌದು. ಕ್ಯಾಮೆರಾ ಬ್ಯಾಗಿನಲ್ಲೇ ತಿಂಗಳುಗಟ್ಟಲೆ ಇಟ್ಟರೆ ಬ್ಯಾಗಿನ ಸ್ಪಂಜೇ ತೇವ ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಂದು ಸಣ್ಣ ಆರ್ದ್ರತೆ ಮಾಪಕ, ನೀಲಿ ಸಿಲಿಕಾ ಜೆಲ್ ಇಟ್ಟು 40ರಿಂದ 50% ಒಳಗೆ ಕಾಯ್ದುಕೊಳ್ಳಿ. ಜೆಲ್ ಗುಲಾಬಿಗೆ ತಿರುಗಿದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಬಹುದು, ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ. ಆ ನೀಲಿ ಬಣ್ಣ ಕೋಬಾಲ್ಟಿನದ್ದು, ವಿಷ. ಫಂಗಸ್ ಕೋಟಿಂಗ್ ತಿಂದ ಮೇಲೆ ಸ್ವಚ್ಛ ಮಾಡಿಸಿದರೂ ಕಲೆ ಉಳಿಯುತ್ತದೆ. ಎಂಟು ವರ್ಷ ಎಂದು ಬರೆದುಕೊಂಡ ಲೆನ್ಸ್ ಮೂರಕ್ಕೇ ಮುಗಿದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ.

ದರ ಏರಿಸಲು ಸರಿಯಾದ ಹೊತ್ತೂ ಆಷಾಢವೇ. ಶ್ರಾವಣ ಶುರುವಾದ ಮೇಲೆ ನವೆಂಬರ್ ಮುಹೂರ್ತಗಳ ವಿಚಾರಣೆ ಬರತೊಡಗುತ್ತದೆ, ಅಷ್ಟರೊಳಗೆ ಹೊಸ ದರಪಟ್ಟಿ ಪ್ರಿಂಟ್ ಆಗಿರಲಿ. ಅಡ್ವಾನ್ಸ್ ತೆಗೆದುಕೊಂಡ ಹಳೆಯ ಆರ್ಡರ್‌ಗಳನ್ನು 25,000ಕ್ಕೇ, ಮುಖ ಗಂಟಿಕ್ಕದೆ ಮಾಡಿಕೊಡಿ. ಹೊಸಬರಿಗೆ ಮಾತ್ರ ಹೊಸ ದರ. ಒಂದೇ ನೆಗೆತಕ್ಕೆ 45 ಹೇಳಲು ಬಾಯಿ ಬರದಿದ್ದರೆ, ಆಲ್ಬಮ್ ಇಲ್ಲದ 33,000ವನ್ನು ಪಟ್ಟಿಯಲ್ಲಿ ಮೊದಲು ಇಟ್ಟು, ಆಲ್ಬಮ್ 12,000 ಎಂದು ಅದರ ಕೆಳಗೆ ಬರೆಯಿರಿ. ಪ್ರತಿ ಕೊಟೇಶನ್ನಿನಲ್ಲೂ ‘15 ದಿನ ಮಾತ್ರ’ ಎಂದಿರಲಿ. ಹತ್ತು ವಿಚಾರಣೆಯಲ್ಲಿ ಹತ್ತೂ ಒಪ್ಪಿದರೆ ದರ ಇನ್ನೂ ಕಡಿಮೆಯೇ ಇದೆ. ಒಬ್ಬರೂ ಒಪ್ಪದಿದ್ದರೆ ಮೊದಲು ತಿದ್ದಬೇಕಾದದ್ದು ದರವಲ್ಲ, ನೀವು ತೋರಿಸುತ್ತಿರುವ ಆಲ್ಬಮ್. ಅದರಲ್ಲಿ ಇರುವುದು ಬರೀ ಸಾಲಾಗಿ ನಿಂತ ನೆಂಟರ ಫೋಟೊಗಳಾದರೆ ಅದನ್ನು 15 ಸಾವಿರದವರೂ ತೆಗೆಯುತ್ತಾರೆ. ಮೂರರಿಂದ ಐದು ಜನ ಒಪ್ಪಿಕೊಂಡರೆ ಆ ದರದಲ್ಲೇ ಒಂದು ಸೀಸನ್ ಮುಗಿಸಿ, ಮುಂದಿನ ಆಷಾಢಕ್ಕೆ ಖರ್ಚಿನ ಪಟ್ಟಿಯನ್ನು ಹೊಸ ಬೆಲೆಗಳೊಂದಿಗೆ ಮತ್ತೆ ಬರೆಯಿರಿ.